ಬಿಸಿ ಗ್ರಿಪ್ಪು, ತಣ್ಣನೆ ಕಂಬಿ

"ಹ್ಯಾಂಡಲ್ ಬಿಡ್ರೀ!"

"ಬಿಡೋಕಾಗ್ತಿಲ್ಲ..."

"ಬಿಡೋಕಾಗ್ತಿಲ್ಲ ಅಂದ್ರೆ? ನಿಮ್ಮ ಸ್ಕೂಟರ್ ಕಿತ್ಕೊಂಡು ಓಡಿಹೋಗ್ತೀನಿ ಅಂತ ಭಯಾನಾ?"

"ಅಯ್ಯೋ, ಹಾಗಲ್ಲ... ಬೆರಳು ಬಿಚ್ಚೋಕೆ ಬರ್ತಿಲ್ಲ!"

ಆಗ ಅವಳು ಅವನ ಕೈ ನೋಡಿದಳು.

ಗುಡ್ಡದ ಮೇಲಿನ ಆ ಊರಿನ ಚಳಿಗೆ ಅವನ ಬೆರಳುಗಳು ಹ್ಯಾಂಡಲ್ ಸುತ್ತ ಸೆಟೆದುಕೊಂಡಿದ್ದವು. ಗೆಣ್ಣುಗಳು ಬಿಳಿಚಿದ್ದವು. ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣುಗಳು ನಾಚಿಕೆಯಿಂದ ಅವಳನ್ನೇ ನೋಡುತ್ತಿದ್ದವು.

ಅವಳು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ಹತ್ತಿರ ಬಂದು, ಅವನ ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದಳು. ಅವಳ ಕೈ ಒರಟು. ಉಗುರಿನ ಸಂದಿಯಲ್ಲೆಲ್ಲ ಕರಿ. ಆದರೆ ಬೆಚ್ಚಗಿತ್ತು.

"ಯಾರಮ್ಮ ಅದು?" ಎಲೆಕ್ಟ್ರಿಕ್ ರಿಪೇರಿ ಅಂಗಡಿಯ ಒಳಗಿನಿಂದ ಅಪ್ಪ ಕೇಳಿದರು.

"ಯಾರೋ ಹೆಪ್ಪುಗಟ್ಟಿದವರು, ಅಪ್ಪ!"

ಕೊನೆಯ ಬೆರಳೂ ಬಿಟ್ಟಿತು. ಆದರೂ ಅವನ ಕೈ ಇನ್ನೂ ತನ್ನ ಕೈಯಲ್ಲೇ ಇರುವುದು ಅವಳಿಗೆ ಗೊತ್ತಾಗಿದ್ದು ಒಂದು ಗಳಿಗೆ ತಡವಾಗಿ. ಕರೆಂಟ್ ಹೊಡೆಸಿಕೊಂಡವಳಂತೆ ಬಿಟ್ಟುಬಿಟ್ಟಳು!

ಹನ್ನೆರಡು ವೋಲ್ಟಿನ ಬ್ಯಾಟರಿ ಯಾರಿಗೂ ಹೊಡೆಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಇದೇನು...?

ಅವನು ಆಸ್ಪತ್ರೆಯ ನರ್ಸು. ಹಾಸಿಗೆ ಹಿಡಿದ ಹಿರಿಯರ ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ರಕ್ತ ತೆಗೆಯುವುದು, ಗಾಯ ತೊಳೆಯುವುದು, ಇಂಜೆಕ್ಷನ್ ಕೊಡುವುದು ಅವನ ಕೆಲಸ. ಊರಿಗೆಲ್ಲ 'ನರ್ಸಣ್ಣ'.

ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ಒಳಗೆ ಎರಡು ಕಪ್ಪು ರಬ್ಬರ್ ಹಿಡಿಗಳು, ಬಾಲದಂತೆ ತಂತಿಗಳು.

"ಬಿಸಿ ಗ್ರಿಪ್ಪು. ಇದನ್ನ ಹಾಕಿದ್ರೆ ಹ್ಯಾಂಡಲ್ ಬೆಚ್ಚಗಾಗುತ್ತಂತೆ. ನಮ್ಮ ದೊಡ್ಡ ಸಿಸ್ಟರ್ ಕಳಿಸಿದ್ದಾರೆ. ಯಜಮಾನ್ರು ಇದ್ದಾರಾ?"

ಅವಳ ಮುಖ ಬಿಗಿಯಾಯಿತು.

"ಯಜಮಾನ್ರು ಟೀ ಕುಡೀತಿದ್ದಾರೆ. ಕೆಲಸ ನಾನು ಮಾಡೋದು."

ಅವನು ಬೇರೆ ಗಿರಾಕಿಗಳಂತೆ ಹಿಂದೆಮುಂದೆ ನೋಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟ.

"ಹಾಗಾದ್ರೆ ನಿಮಗೇ ಹೇಳ್ತೀನಿ. ನನಗೆ ಶೋಕಿಗಲ್ಲ ಇದು. ವಯಸ್ಸಾದವರ ನರ ಕಣ್ಣಿಗೆ ಕಾಣಲ್ಲ, ಬೆರಳಿಗೇ ಸಿಗಬೇಕು. ಬೆರಳೇ ಮರಗಟ್ಟಿದ್ರೆ ಅವರಿಗೆ ಎರಡೆರಡು ಸಲ ಸೂಜಿ ಚುಚ್ಚಬೇಕಾಗುತ್ತೆ. ಪಾಪ, ನೋವಾದ್ರೂ 'ಪರವಾಗಿಲ್ಲ ಮಗಾ' ಅಂತಾರೆ. ಅದನ್ನ ಕೇಳೋಕಾಗಲ್ಲ ನನಗೆ."

ಅವಳ ಮುಖದ ಬಿಗಿ ತಾನಾಗಿ ಸಡಿಲವಾಯಿತು.

*ಇವನ ಚಿಂತೆ ತನ್ನ ಕೈಯ ಚಳಿಗಲ್ಲ, ಬೇರೆಯವರ ತೋಳಿನ ನೋವಿಗೆ!*

*

ಬೀದಿಯಲ್ಲಿ ಅವಳಿಗೆ 'ಫ್ಯೂಸಮ್ಮ' ಅಂತ ಅಡ್ಡಹೆಸರು. ಕೋಪ ಮೂಗಿನ ತುದಿಯಲ್ಲೇ; ಟಕ್ ಅಂತ ಹಾರಿಬಿಡುತ್ತಾಳೆ ಅಂತ.

ಅಪ್ಪನ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಕೆಂಪು ತಂತಿ, ಕಂದು ತಂತಿ ಎಲ್ಲ ಒಂದೇ ಆಗಿ ಕಾಣತೊಡಗಿದಾಗ ಅವರು ಕಟ್ಟಿಂಗ್ ಪ್ಲೇಯರನ್ನು ಮಗಳ ಕೈಗೆ ಕೊಟ್ಟು ಪಕ್ಕದ ಸ್ಟೂಲಿಗೆ ಸರಿದಿದ್ದರು. ಈಗ ಅಂಗಡಿಯ ಕೆಲಸವೆಲ್ಲ ಅವಳದೇ. ಆದರೆ ಗಿರಾಕಿಗಳು ಹೋಗುವಾಗ "ಯಜಮಾನ್ರ ಕೈ ಅಂದ್ರೆ ಕೈ!" ಎಂದು ಅಪ್ಪನಿಗೇ ನಮಸ್ಕಾರ ಹಾಕಿ ಹೋಗುತ್ತಿದ್ದರು.

"ಬೋರ್ಡಿನ ಕೊನೆಗೆ 'ಮತ್ತು ಮಗಳು' ಅಂತ ಸೇರಿಸಿಬಿಡ್ತೀನಿ ಕಣಮ್ಮ," ಎಂದು ಅಪ್ಪ ಆಗಾಗ ಹೇಳುತ್ತಿದ್ದರು.

"ಪ್ರೀತಿಗೆ ಬರೆಸಬೇಡ ಅಪ್ಪ. ಕೆಲಸಕ್ಕೆ ಬರೆಸು. ನನ್ನನ್ನೇ ಹುಡುಕ್ಕೊಂಡು ಒಂದು ದೊಡ್ಡ ಕೆಲಸ ಬರಲಿ, ಆಗ ನೋಡೋಣ."

ಆ ದೊಡ್ಡ ಕೆಲಸ ಈಗ ಬಾಗಿಲಲ್ಲೇ ನಿಂತಿತ್ತು. ಆಸ್ಪತ್ರೆಯಲ್ಲಿ ಒಂದು ಡಜನ್ ಸ್ಕೂಟರುಗಳಿದ್ದವು. ಮೊದಲು ನರ್ಸಣ್ಣನ ಸ್ಕೂಟರಿಗೆ ಗ್ರಿಪ್ ಹಾಕಿ ನೋಡುವುದು. ದೊಡ್ಡ ಸಿಸ್ಟರಿಗೆ ಒಪ್ಪಿಗೆಯಾದರೆ ಎಲ್ಲವೂ ಇದೇ ಅಂಗಡಿಗೆ. ಇಲ್ಲದಿದ್ದರೆ ಪೇಟೆಯ ದೊಡ್ಡ ಶೋರೂಮಿಗೆ.

ಅವಳು ಸ್ಕೂಟರಿನ ಮುಂದಿನ ಹೊದಿಕೆ ಬಿಚ್ಚಿದಳು. ಅವನು ಕೇಳದೆಯೇ ಟಾರ್ಚ್ ಹಿಡಿದು ನಿಂತ. ಅವಳ ಕಣ್ಣು ಹೋದಲ್ಲಿಗೆ ಬೆಳಕು ಹೋಗುತ್ತಿತ್ತು, ಹೇಳಬೇಕಾಗಿಯೇ ಇರಲಿಲ್ಲ.

"ಎಡಗಡೇದು, ಬಲಗಡೇದು ಬೇರೆಬೇರೇನಾ?"

"ಹೂಂ. ಬಲಗೈ ಹಿಡಿ ಆಕ್ಸಿಲರೇಟರಿನ ಪ್ಲಾಸ್ಟಿಕ್ ಮೇಲೆ ಕೂರುತ್ತೆ. ಎಡಗೈದು ನೇರ ಕಬ್ಬಿಣದ ಮೇಲೆ. ಕಬ್ಬಿಣ ಬಿಸಿಯನ್ನೆಲ್ಲ ಕುಡಿದುಬಿಡುತ್ತೆ. ಅದಕ್ಕೇ ಎಡಗೈದಕ್ಕೆ ಜಾಸ್ತಿ ಶಕ್ತಿ ಕೊಟ್ಟಿರ್ತಾರೆ. ಅದಲುಬದಲಾದ್ರೆ ಒಂದು ಕೈ ಸುಡುತ್ತೆ, ಇನ್ನೊಂದು ಕೊರೆಯುತ್ತೆ."

"ಕೆಲವು ಮನೆಗಳ ಹಾಗೆ," ಎಂದ ಅವನು.

ಅವಳು ನಗು ತಡೆಯಲು ತುಟಿ ಕಚ್ಚಿದಳು.

ಬಲಗಡೆಯ ತಂತಿಗೆ ಸ್ವಲ್ಪ ಸಡಿಲ ಬಿಟ್ಟಳು, ಆಕ್ಸಿಲರೇಟರ್ ತಿರುಗಿ ವಾಪಸು ಬರಲು ಅಡ್ಡಿಯಾಗದಂತೆ. ಕೀ ತಿರುಗಿಸಿದಾಗ ಮಾತ್ರ ಗ್ರಿಪ್ಪಿಗೆ ಕರೆಂಟ್ ಹೋಗುವಂತೆ ರಿಲೇ ಕೂರಿಸಿದಳು. ಇಲ್ಲವಾದರೆ ಆಫ್ ಮಾಡಲು ಮರೆತ ದಿನ ಬ್ಯಾಟರಿ ಖಾಲಿ. ಅದರ ಹಿಂದೆ ಒಂದು ಪುಟ್ಟ ಫ್ಯೂಸು. ಪ್ರತಿ ಜೋಡಣೆಗೂ ಬೆಸುಗೆ ಹಾಕಿ, ಮೇಲೆ ಮೇಣ ಸವರಿದ ದಾರದಿಂದ ಎರಡು ಸುತ್ತು ಬಿಗಿದು ಗಂಟನ್ನು ಕೆಳಮುಖ ಮಾಡಿದಳು. ಅದು ಅಪ್ಪ ಕಲಿಸಿದ ಗಂಟು. ಊರಿನಲ್ಲಿ ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

"ಅಷ್ಟು ಒಳಗಿರೋದನ್ನ ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ," ಎಂದಳು ಅವಳು.

ಕೆಲಸ ಮುಗಿದ ಮೇಲೆ ಓಡಿಸಿ ನೋಡಬೇಕಿತ್ತು. ಅವನು ಮುಂದೆ, ಅವಳು ಹಿಂದೆ. ಗುಡ್ಡದ ಇಳಿಜಾರಿನಲ್ಲಿ ಗಾಳಿ ಚೂರಿಯಂತೆ ಬೀಸುತ್ತಿತ್ತು.

"ಬೆಚ್ಚಗಿದೆಯಾ?" ಹಿಂದಿನಿಂದ ಕೂಗಿದಳು.

"ಬೆಚ್ಚಗಾ? ಬಿಸಿ ಲೋಟ ಹಿಡಿದ ಹಾಗಿದೆ!" ಅವನು ಮಗುವಿನಂತೆ ಕೂಗಿದ. "ನಿಮ್ಮ ಕೈ?"

ಅವಳು ಸೀಟಿನ ಹಿಂದಿನ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದು ಮಂಜಿನಂತೆ ಕೊರೆಯುತ್ತಿತ್ತು.

"ಕಂಬಿ ತಣ್ಣಗಿರುತ್ತೆ. ಬೇಕಾದ್ರೆ ಹೆಗಲ ಮೇಲೆ ಕೈ ಇಡಿ..."

"ಬೇಡ. ಕಂಬಿ ಇದೆ!"

ಇಳಿದಾಗ ಅವಳು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿ ಉಜ್ಜಿಕೊಂಡಳು. ಅವನು ನೋಡದವನಂತೆ ಆಚೆ ತಿರುಗಿದ. ಆದರೆ ನೋಡಿದ್ದ.

*

ಆಮೇಲೆ ಅವನು ದಾರಿಯಲ್ಲದ ದಾರಿಯಲ್ಲೆಲ್ಲ ಬಂದು ಅಂಗಡಿ ಮುಂದೆ ನಿಲ್ಲತೊಡಗಿದ. ಒಂದು ದಿನ ಅಪ್ಪನ ರಕ್ತದೊತ್ತಡ ನೋಡಲು, ಇನ್ನೊಂದು ದಿನ "ಗ್ರಿಪ್ ಬಿಸಿಯಾಗ್ತಿದೆ" ಎಂದು ಹೇಳಲು.

"ಬಿಸಿಯಾಗದಿದ್ರೆ ಬಂದು ಹೇಳ್ಬೇಕು ಕಣ್ರೀ. ಬಿಸಿಯಾದ್ರೆ ಯಾಕೆ ಬಂದ್ರಿ?" ಎಂದು ಅವಳು ದಬಾಯಿಸಿದರೆ, ಸ್ಟೂಲಿನ ಮೇಲಿನ ಅಪ್ಪ ಕೆಮ್ಮಿನ ಹಿಂದೆ ನಗು ಅಡಗಿಸುತ್ತಿದ್ದರು.

ಅಪ್ಪನ ತೋಳು ಮುಟ್ಟುವ ಮೊದಲು ಅವನು ತನ್ನ ಅಂಗೈಗಳನ್ನು ಕೆನ್ನೆಗೆ ಒತ್ತಿ ಬಿಸಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದ. ಪ್ರತಿಸಲವೂ. ಅವಳು ಅದನ್ನು ಸ್ಕೂಟರಿನ ಸೈಡ್ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದಳು.

ಪರೀಕ್ಷೆಯ ದಿನ ಬಂತು.

ಆಸ್ಪತ್ರೆಯ ಅಂಗಳ. ಡಜನ್ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ನರ್ಸುಗಳೆಲ್ಲ ಶಾಲು ಹೊದ್ದು ಸುತ್ತ ಸೇರಿದ್ದರು. ದೊಡ್ಡ ಸಿಸ್ಟರ್ ಎತ್ತರದ, ಮಿತ ಮಾತಿನ ಹೆಂಗಸು. ಬಂದವರೇ ಮೊದಲು ಅಪ್ಪನಿಗೆ ಕುರ್ಚಿ ಹಾಕಿಸಿದರು. ಟೀ ಕೊಡುವಾಗ ಕಪ್ಪಿನ ಹಿಡಿಯನ್ನು ಅಪ್ಪನ ಬೆರಳಿಗೇ ತಾಗುವಂತೆ ತಿರುಗಿಸಿ ಇಟ್ಟರು. ಅಪ್ಪನ ಕಣ್ಣು ಮಂಜೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಪೂರ್ತಿ ಬಿಸಿಗೆ ಇಡಮ್ಮ," ಎಂದು ಅವಳಿಗೆ ಹೇಳಿ, ತಾವೇ ಎರಡು ಗ್ರಿಪ್ಪುಗಳನ್ನೂ ಹಿಡಿದು ನಿಂತರು.

ಅವಳು ಹೆಮ್ಮೆಯಿಂದ ಸ್ವಿಚ್ ಒತ್ತಿದಳು.

ಒಂದು ನಿಮಿಷ... ದೊಡ್ಡ ಸಿಸ್ಟರ್ ಮುಖದಲ್ಲಿ ಸಣ್ಣ ನಗು ಮೂಡಿತು. ಆಮೇಲೆ ಆ ನಗು ಮಾಯವಾಯಿತು.

"ಆರಿಹೋಯ್ತಲ್ಲಮ್ಮ... ತಣ್ಣಗಾಗ್ತಿದೆ."

ಯಾರೋ ಹಿಂದೆ "ಶೋರೂಮಿಗೇ ಕೊಡಬೇಕಿತ್ತು" ಎಂದು ಗೊಣಗಿದ್ದು ಅವಳ ಕಿವಿಗೆ ಬಿತ್ತು. ಅಪ್ಪನ ಕೈಯಲ್ಲಿ ಕಪ್ಪು ಅಲ್ಲೇ ನಿಂತಿತು.

*ಹೇಗೆ...? ನನ್ನ ಕೆಲಸ ಹೇಗೆ ನಿಂತಿತು?*

ಅವಳು ಹೊದಿಕೆ ಬಿಚ್ಚಿದಳು. ಫ್ಯೂಸು ಸುಟ್ಟಿತ್ತು. ಅದರಿಂದ ಮುಂದಕ್ಕೆ ಬೆರಳಾಡಿಸುತ್ತ ಹೋದಳು. ತನ್ನ ಗಂಟು... ತನ್ನ ಗಂಟು... ತನ್ನ ಗಂಟು...

ಆಮೇಲೆ, ತನ್ನದಲ್ಲದ ಒಂದು ಜೋಡಣೆ!

ಅವಳ ತಂತಿಯ ಸಿಪ್ಪೆ ಕೆರೆದು, ಅದಕ್ಕೆ ಇನ್ನೊಂದು ತಂತಿ ಸುತ್ತಿ, ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಲಾಗಿತ್ತು. ಗಾಯಕ್ಕೆ ಹಾಕುವ ಪ್ಲಾಸ್ಟರ್! ಅಂಚುಗಳನ್ನು ಒಪ್ಪವಾಗಿ ಮಡಿಸಿ, ಕೀಳುವಾಗ ನೋವಾಗಬಾರದೆಂಬಂತೆ ತುದಿಯಲ್ಲಿ ಒಂದು ಪುಟ್ಟ ಕಿವಿಯನ್ನೂ ಬಿಟ್ಟಿದ್ದರು.

ಅವಳು ತಲೆ ಎತ್ತಿದಳು. ನರ್ಸಣ್ಣನ ಮುಖ ಆ ಪ್ಲಾಸ್ಟರಿಗಿಂತ ಬೆಳ್ಳಗಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ... ಅವನ ಕೈ ಆಗಲೇ ಜೇಬಿನಲ್ಲಿದ್ದ ಪ್ಲಾಸ್ಟರ್ ಸುರುಳಿಯ ಮೇಲಿತ್ತು.

ಇವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಸ್ಪತ್ರೆಯ ಗಾಡಿಗೆ ಯಾರೂ ಕೈ ಹಾಕುವಂತಿಲ್ಲ. ಕೈ ಹಾಕಿದವನ ಕೆಲಸಕ್ಕೇ ಕುತ್ತು.

"ಏನಾಗಿದೆಯಮ್ಮ?" ದೊಡ್ಡ ಸಿಸ್ಟರ್ ಕೇಳಿದರು.

ಅವಳು ಮುಷ್ಟಿಯೊಳಗೆ ಆ ಬಿಳಿ ಗಂಟನ್ನು ಮುಚ್ಚಿಕೊಂಡಳು.

"ಫ್ಯೂಸ್ ಹೋಗಿದೆ. ಲೋಡ್ ಜಾಸ್ತಿಯಾಯ್ತು. ತಂತಿ ಸುಡದ ಹಾಗೆ ಅದು ತಾನು ಸುಟ್ಟುಕೊಂಡಿದೆ. ನನ್ನ ಕೆಲಸದಲ್ಲಿ ತಪ್ಪಿಲ್ಲ."

"ಹಾಗಾದ್ರೆ ಯಾರ ತಪ್ಪು?"

ಸುಳ್ಳು ಹೇಳಲು ಅವಳ ಕೆಲಸದ ಹೆಮ್ಮೆ ಬಿಡಲಿಲ್ಲ. ನಿಜ ಹೇಳಲು... ಇನ್ನೇನೋ ಬಿಡಲಿಲ್ಲ.

"ನಂದು, ಸಿಸ್ಟರ್."

ಅವನು ಮುಂದೆ ಬಂದ.

"ಇವತ್ತು ಬೆಳಿಗ್ಗೆ ನಾನೇ ಇವರ ತಂತಿಯಿಂದ ಇನ್ನೊಂದು ತಂತಿ ಎಳೆದೆ. ಸ್ವಲ್ಪ ಬಿಸಿಗೆ ಇಟ್ಟು ನೋಡಿದಾಗ ಸರಿಯಾಗೇ ಇತ್ತು. ಪೂರ್ತಿ ಇಟ್ಟರೆ ಹೀಗಾಗುತ್ತೆ ಅಂತ ಗೊತ್ತಾಗಲಿಲ್ಲ. ಇವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಎಲ್ಲರ ಮುಂದೆ ಹೇಳ್ತಿದ್ದೀನಿ."

"ಯಾಕೆ ಎಳೆದೆ?"

ಅವನು ನೆಲ ನೋಡಿದ.

ಅವಳ ಬೆರಳು ಆ ತಂತಿಯನ್ನೇ ಹಿಂಬಾಲಿಸಿ ಸೀಟಿನ ಕೆಳಗೆ, ಅಲ್ಲಿಂದ ಹಿಂದಿನ ಕಂಬಿಗೆ ಹೋಯಿತು. ಕಂಬಿಯ ಮೇಲೆ ಎರಡು ಕಡೆ ಹಳೇ ಕಾರಿನ ಸೀಟಿನಿಂದ ಕಿತ್ತ ಬಿಸಿ ಪಟ್ಟಿ, ಅದರ ಮೇಲೆ ನೀಟಾಗಿ ಸುತ್ತಿದ ಬ್ಯಾಂಡೇಜು.

ಹಿಂದೆ ಕೂರುವವರ ಕೈಗೆ.

*ಯಾರನ್ನು ಕೂರಿಸಿಕೊಳ್ಳಲು...? ಅದಕ್ಕೆ ನನ್ನ ಕೆಲಸವನ್ನೇ ಕುಯ್ಯಬೇಕಿತ್ತೇ?*

ಅವಳು ಅವನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು.

"ನಿಮಗೆ ಟಾರ್ಚ್ ಹಿಡಿಯೋಕೆ ಬಿಟ್ಟಿದ್ದೆ. ನೋಡ್ಲಿ ಅಂತ ಬಿಟ್ಟಿದ್ದೆ. ಕತ್ತರಿಸ್ಲಿ ಅಂತ ಅಲ್ಲ."

ಅವನು ತುಟಿ ತೆರೆದ. ಅವಳು ಆಗಲೇ ತಿರುಗಿದ್ದಳು. ಫ್ಯೂಸು ಹಾರಿತ್ತು!

ದೊಡ್ಡ ಸಿಸ್ಟರ್ ಅವನಿಗೆ, "ಒಂದು ವಾರ ನಡ್ಕೊಂಡು ಹೋಗು. ಕೈ ಸುಮ್ಮನಿರೋದನ್ನ ಕಲಿ," ಎಂದರು. ಅವಳಿಗೆ, "ಗಾಡಿ ತಗೊಂಡು ಹೋಗಿ ಸರಿಮಾಡಮ್ಮ. ನಾಳೆ ನೋಡಿ ಹೇಳ್ತೀನಿ," ಎಂದರು.

*

ಅಂಗಡಿಗೆ ಬಂದವಳೇ ಅವಳು ಕಂಬಿಯ ಬ್ಯಾಂಡೇಜನ್ನು ಸರಸರನೆ ಬಿಚ್ಚತೊಡಗಿದಳು.

"ಮೆಲ್ಲಗೆ ಕಣಮ್ಮ," ಎಂದರು ಅಪ್ಪ.

"ಯಾಕೆ? ಯಾವ ರಾಣಿಗೋ ಹಾಕಿರೋ ಗಾದಿ ಇದು!"

"ಆಗಲಿ. ಯಾವ ರಾಣಿಗೆ ಅಂತ ನೋಡೋಣ. ಸಿಟ್ಟಿನಲ್ಲಿ ಕಿತ್ತರೆ ಗೊತ್ತಾಗಲ್ಲ."

ಬಿಸಿ ಪಟ್ಟಿ ಕೈಗೆ ಬಂತು. ಅವಳು ಅದನ್ನು ಎಸೆಯಲು ಕೈ ಎತ್ತಿದವಳು ಹಾಗೇ ನಿಂತಳು.

ಸ್ಕೂಟರನ್ನು ಅವನು ದಿನಾ ತೊಳೆಯುತ್ತಿದ್ದ. ಕಂಬಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೆ ಪಟ್ಟಿಯ ಅಡಿಯಲ್ಲಿದ್ದ ಆ ಎರಡು ಕಡೆ ಮಾತ್ರ ಅವನು ಬಟ್ಟೆ ತಾಗಿಸಿರಲಿಲ್ಲ. ಅಲ್ಲಿ ಕಪ್ಪು ಗ್ರೀಸಿನ ಗುರುತುಗಳು. ಬೆರಳಿನ ಗುರುತುಗಳು. ಬಲಗಡೆ ನಾಲ್ಕು, ಒತ್ತಾಗಿ. ಎಡಗಡೆ ಮೂರು, ಆಮೇಲೆ ಒಂದು ಸಣ್ಣ ಸಂದು, ಅದರಾಚೆ ಓರೆಯಾಗಿ ಒಂದು.

ಅವಳ ಎಡಗೈ ಕಿರುಬೆರಳು ಸೊಟ್ಟ. ಕೆಲಸ ಕಲಿಯುವಾಗ ಫ್ಯಾನಿಗೆ ಸಿಕ್ಕಿ ಮುರಿದಿದ್ದು.

ಅವಳು ನಿಧಾನವಾಗಿ ತನ್ನ ಎಡಗೈಯನ್ನು ಆ ಗುರುತುಗಳ ಮೇಲಿಟ್ಟಳು.

ಸರಿಯಾಗಿ ಕೂತಿತು.

"ಅಪ್ಪ..."

"ಹೂಂ?"

"ರಾಣಿ ಯಾರು ಅಂತ ಗೊತ್ತಾಯ್ತು."

ಅಪ್ಪ ಈ ಸಲ ಕೆಮ್ಮಲಿಲ್ಲ. ನೇರವಾಗಿಯೇ ನಕ್ಕರು. "ನನಗೆ ಕಣ್ಣು ಕಾಣಲ್ಲ ಕಣಮ್ಮ. ಆದ್ರೂ ಗೊತ್ತಿತ್ತು. 'ಗ್ರಿಪ್ ಬಿಸಿಯಾಗ್ತಿದೆ' ಅಂತ ಹೇಳೋಕೆ ಯಾವ ಗಿರಾಕಿ ಬರ್ತಾನೆ?"

ಅವಳ ಕಣ್ಣು ತುಂಬಿ ಬಂತು. ಮೊಣಕೈಯಿಂದ ಒರೆಸಿಕೊಂಡು ಪ್ಲೇಯರ್ ಎತ್ತಿಕೊಂಡಳು. ತನ್ನ ತಂತಿಯ ಗಾಯ ಬೆಸೆದಳು. ಕಂಬಿಯ ಬಿಸಿ ಪಟ್ಟಿಗೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದಳು. ಅದಕ್ಕೆ ಅದರದೇ ರಿಲೇ, ಅದರದೇ ಫ್ಯೂಸು. ಪ್ರತಿ ಜೋಡಣೆಗೂ ಮೇಣದ ದಾರದ ಎರಡು ಸುತ್ತು, ಕೆಳಮುಖದ ಗಂಟು.

ಆದರೆ ಗ್ರೀಸಿನ ಗುರುತುಗಳನ್ನು ಅವಳೂ ಒರೆಸಲಿಲ್ಲ.

*

ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ದೊಡ್ಡ ಸಿಸ್ಟರ್ ಗ್ರಿಪ್ಪುಗಳನ್ನು ಪೂರ್ತಿ ಬಿಸಿಗಿಟ್ಟು ಬಹಳ ಹೊತ್ತು ಹಿಡಿದು ನಿಂತರು. ಕೊನೆಗೆ ಕೈ ಸಡಿಲಿಸಿ ಹೇಳಿದರು:

"ನಿನ್ನೆಯೇ ನಿರ್ಧಾರ ಮಾಡಿದ್ದೆ ಕಣಮ್ಮ. ನಮ್ಮ ಹುಡುಗ ಹುಡುಗಿಯರು ಏನಾದ್ರೂ ಒಂದು ಕಿತಾಪತಿ ಮಾಡೋರೇ. ಕಿತಾಪತಿ ಮಾಡಿದ್ರೂ ಬೆಂಕಿ ಹತ್ತದ ಹಾಗೆ ಕಾಯೋ ಕೆಲಸ ನನಗೆ ಬೇಕಿತ್ತು. ಎಲ್ಲಾ ಗಾಡೀನೂ ನಿನಗೇ. ನಿಮ್ಮಪ್ಪನ ಅಂಗಡಿ ಅಂತ ಅಲ್ಲ, ನಿನಗೆ."

ಅವಳ ಎದೆ ಉಬ್ಬಿತು.

"ಆದ್ರೆ ಹಿಂದಿನ ಕಂಬಿಗೆ ಬಿಸಿ ಬೇಡ. ಅದೊಂದು ಗಾಡಿಗೆ ಇದ್ರೆ ಸಾಕು," ಎಂದು ದೊಡ್ಡ ಸಿಸ್ಟರ್ ಗಂಭೀರವಾಗಿಯೇ ಹೇಳಿ ಒಳಗೆ ನಡೆದರು. ಹೋಗುತ್ತ, "ಅವನು ಏರು ಬೀದಿಯ ಅಜ್ಜಿ ಮನೆ ಕಡೆ ಹೋಗಿದ್ದಾನೆ," ಎಂದರು. ಯಾರೂ ಕೇಳಿರಲಿಲ್ಲ.

ಏರು ಬೀದಿಯಲ್ಲಿ ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಡೆಯುತ್ತಿದ್ದ. ಸ್ಕೂಟರು ಪಕ್ಕಕ್ಕೆ ಬಂದು ನಿಂತಿತು.

"ಹತ್ತಿ."

ಅವನು ಬೆಚ್ಚಿ ನೋಡಿದ. "ಒಂದು ವಾರ ಓಡಿಸೋ ಹಾಗಿಲ್ಲ..."

"ಓಡಿಸಿ ಅಂದ್ನಾ? ಹಿಂದೆ ಹತ್ತಿ."

ಅವನು ಹತ್ತಲಿಲ್ಲ. ಅಲ್ಲೇ ನಿಂತು, ಕಲಿತು ಬಂದ ಪಾಠ ಒಪ್ಪಿಸುವವನಂತೆ ಹೇಳಿದ.

"ತಪ್ಪಾಯ್ತು. ಪರೀಕ್ಷೆ ಮುಗಿದ ಮೇಲೆ ನಿಮ್ಮನ್ನ ಕೂರಿಸ್ಕೊಂಡು ಹೋಗ್ಬೇಕು ಅಂತಿತ್ತು. ಅವತ್ತು ನೀವು ಬೆರಳು ಉಜ್ಜಿಕೊಂಡಿದ್ದು ನೋಡಿದ್ದೆ. ಊರಿನವರ ಕೈಯೆಲ್ಲ ಬೆಚ್ಚಗೆ ಮಾಡೋರಿಗೆ ಕೊರೆಯೋ ಕಂಬೀನಾ ಅನ್ನಿಸ್ತು... ನಿಮ್ಮನ್ನೇ ಕೇಳಿದ್ರೆ 'ಬೇಡ, ಕಂಬಿ ಇದೆ' ಅಂತೀರಿ. ಅದಕ್ಕೇ ಕೇಳದೇ ಮಾಡಿದೆ. ಕೇಳಬೇಕಿತ್ತು."

"ಕೇಳಬೇಕಿತ್ತು."

"ಈಗ ಕೇಳ್ಲಾ?"

"ಏನು?"

"ಯಾವಾಗ್ಲೂ ನನ್ನ ಗಾಡೀಲೇ ಬರ್ತೀರಾ... ಅಂತ."

ಫ್ಯೂಸಮ್ಮನಿಗೆ ಆ ದಿನ ಮೊದಲ ಸಲ ಏನೂ ಹಾರಲಿಲ್ಲ. ಒಳಗೆಲ್ಲೋ ಸ್ವಿಚ್ ಒತ್ತಿದಂತೆ ನಿಧಾನವಾಗಿ, ಸಮನಾಗಿ ಬೆಚ್ಚಗಾಯಿತು.

"ಎರಡು ಷರತ್ತು. ನನ್ನ ತಂತಿಗೆ ಪ್ಲಾಸ್ಟರ್ ಹಾಕಬಾರದು."

"ಹಾಕಲ್ಲ."

"ಆ ಗ್ರೀಸ್ ಗುರುತು ಒರೆಸಬಾರದು."

ಅವನ ಕಿವಿ ಕೆಂಪಗಾಯಿತು. ಮೆಲ್ಲಗೆ ಹಿಂದೆ ಹತ್ತಿ ಕೂತ. ಕಂಬಿ ಹಿಡಿದ. "ಅಯ್ಯೋ, ಬಿಸಿಯಾಗಿದೆ!"

"ಸರಿಯಾಗಿ ಮಾಡಿದ್ರೆ ಆಗುತ್ತೆ," ಎಂದಳು ಅವಳು. ಆಮೇಲೆ ರಸ್ತೆಯನ್ನೇ ನೋಡುತ್ತ, "ಬೇಕಾದ್ರೆ... ಹೆಗಲ ಮೇಲೂ ಕೈ ಇಡಬಹುದು."

*

ಕೊನೆಯ ಸ್ಕೂಟರ್ ಮುಗಿದ ದಿನ ಅಂಗಡಿಯ ಮುಂದೆ ಏಣಿ ನಿಂತಿತು. ಅಪ್ಪ ಏಣಿಯ ಬುಡದಲ್ಲಿ ನಿಂತು, ಬಣ್ಣ ಒಣಗುವವರೆಗೂ ಕಾದು, ಬೋರ್ಡನ್ನು ಕೆಳಗಿಳಿಸಲು ಹೇಳಿದರು. ಉಬ್ಬಾಗಿದ್ದ ಹೊಸ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಮತ್ತು... ಮಗಳು," ಎಂದು ಓದಿದರು. ಎರಡನೇ ಸಲ ಓದಿದರು. "ಕೆಲಸಕ್ಕೇ ಬರೆಸಿದ್ದು ಕಣಮ್ಮ. ಪ್ರೀತಿಗಲ್ಲ."

"ಗೊತ್ತು ಅಪ್ಪ," ಎಂದಳು ಅವಳು. ದನಿ ಒದ್ದೆಯಾಗಿತ್ತು, ತಲೆ ಮಾತ್ರ ಎತ್ತಿಯೇ ಇತ್ತು.

ನರ್ಸಣ್ಣ ಪಕ್ಕಕ್ಕೆ ಬಂದು ನಿಂತು, ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಕೊನೇಲಿ ಸ್ವಲ್ಪ ಜಾಗ ಉಳಿದಿದೆಯಲ್ಲ... 'ಮತ್ತು ಅಳಿಯ' ಅಂತ?"

"ಕೆಲಸ ಕಲಿತೋರಿಗೆ ಮಾತ್ರ ಬೋರ್ಡಿನಲ್ಲಿ ಜಾಗ."

"ಹಾಗಾದ್ರೆ ನಂಗೆಲ್ಲಿ ಜಾಗ?"

ಅವಳು ಗ್ರೀಸ್ ಮೆತ್ತಿದ ತನ್ನ ಸೊಟ್ಟ ಬೆರಳನ್ನು ಅವನ ಬೆರಳಿಗೆ ಕೊಂಡಿಯಂತೆ ಸಿಕ್ಕಿಸಿದಳು.

"ಟಾರ್ಚ್ ಹಿಡ್ಕೊಂಡು ನನ್ನ ಪಕ್ಕ. ಅಲ್ಲಿ ಬೇರೆ ಯಾರನ್ನೂ ನಿಲ್ಲಿಸಲ್ಲ."